ಗಾಳಿ, ನೀರು ಮತ್ತು ಮನೆಯ ನೆಲೆ

ಮನೆ ಕಟ್ಟಲು ಎಂಥ ನೆಲವನ್ನು ಆರಿಸಬೇಕೆಂಬ ಪ್ರಶ್ನೆ ಮಾನವನು ಒಂದೆಡೆ ನೆಲೆನಿಂತ ಕಾಲದಿಂದಲೂ ಇದ್ದೇ ಇದೆ. ಈ ಪ್ರಶ್ನೆಗೆ ಪ್ರಾಚೀನ ಚೀನೀಯರು ಕೊಟ್ಟ ಉತ್ತರಕ್ಕೆ ಫೆಂಗ್‌ಶುಯಿ ಎಂದು ಹೆಸರು. ಫೆಂಗ್ ಎಂದರೆ ಗಾಳಿ; ಶುಯಿ ಎಂದರೆ ನೀರು. ನಮ್ಮ ಪೇಟೆಗಳಲ್ಲಿ ಇಂದು ಈ ಹೆಸರಿನಿಂದ ಮಾರಾಟವಾಗುತ್ತಿರುವ ಕಿರುಗಂಟೆ, ಗಾಜಿನ ಆಮೆ, ನಗುವ ಡೊಳ್ಳುಹೊಟ್ಟೆಯ ಮೂರ್ತಿಗಳಿಗೂ ಆ ಹಳೆಯ ವಿದ್ಯೆಗೂ ಇರುವ ನಂಟು ಬಹು ದೂರದ್ದು. ಮೂಲದಲ್ಲಿ ಅದು ನೆಲವನ್ನು ಕಣ್ಣಿನಿಂದ ಅಳೆಯುವ ವಿದ್ಯೆಯಾಗಿತ್ತು.

ಅದರಲ್ಲಿ ಎರಡು ಮುಖ್ಯ ಪಂಥಗಳುಂಟು. ದಿಕ್ಸೂಚಿಯನ್ನೂ ಗ್ರಹಗತಿಯ ಲೆಕ್ಕವನ್ನೂ ಆಶ್ರಯಿಸಿದ ಪಂಥವು ಫೂಜಿಯನ್ ಪ್ರಾಂತದಲ್ಲಿ ಬೆಳೆಯಿತು. ಬೆಟ್ಟ, ಕಣಿವೆ, ಹೊಳೆಗಳ ಆಕಾರವನ್ನೇ ನೋಡಿ ನಿರ್ಣಯ ಹೇಳುವ ಭೂರೂಪ ಪಂಥವು ಜಿಯಾಂಗ್‌ಷಿ ಪ್ರಾಂತದ್ದು. ಒಂಬತ್ತನೆಯ ಶತಮಾನದಲ್ಲಿ, ಟಾಂಗ್ ಅರಸರ ಕಡೆಗಾಲದಲ್ಲಿದ್ದ ಯಾಂಗ್ ಯುನ್‌ಸಾಂಗ್ ಎಂಬವನನ್ನು ಈ ಪಂಥದವರು ತಮ್ಮ ಆಚಾರ್ಯನೆಂದು ಎಣಿಸುತ್ತಾರೆ. ಈ ಲೇಖನದಲ್ಲಿ ನಾವು ವಿಚಾರಿಸತಕ್ಕದ್ದು ಈ ಎರಡನೆಯ ಪಂಥವನ್ನು. ಅದು ನೆಲವನ್ನು ಓದುವ ಬಗೆ ಯಾವುದು? ಆ ಓದಿಗೆ ಭೌತಿಕವಾದ ಕಾರಣಗಳಿವೆಯೆ? ಅದೇ ಕಣ್ಣಿನಿಂದ ಕಲಬುರಗಿ ನಗರದ ಅಂಚಿನಲ್ಲಿರುವ ಕೋಟನೂರವನ್ನು ನೋಡಿದರೆ ಏನು ಕಾಣುತ್ತದೆ?

ಭೂರೂಪ ಪಂಥದ ಆದರ್ಶ ನೆಲೆಯನ್ನು ಕೈಗಳಿರುವ ಕುರ್ಚಿಗೆ ಹೋಲಿಸಬಹುದು. ಬೆನ್ನಿಗೆ, ಅಂದರೆ ಉತ್ತರಕ್ಕೆ, ಎತ್ತರವಾದ ಬೆಟ್ಟವಿರಬೇಕು. ಇದು ಕಪ್ಪು ಆಮೆ. ಎಡಗೈಯಂತೆ ಪೂರ್ವಕ್ಕೆ ಚಾಚಿದ ಗುಡ್ಡ ಹಸುರು ನಾಗ. ಬಲಗೈಯಂತೆ ಪಶ್ಚಿಮಕ್ಕೆ ಅದಕ್ಕಿಂತ ತುಸು ತಗ್ಗಾದ ಗುಡ್ಡ ಬಿಳಿ ಹುಲಿ. ಎದುರಿಗೆ, ದಕ್ಷಿಣದಲ್ಲಿ, ನೆಲ ಬಯಲಾಗಿದ್ದು ದೂರದಲ್ಲಿ ಚಿಕ್ಕ ದಿಬ್ಬವೊಂದಿರಬೇಕು. ಅದು ಕೆಂಪು ಹಕ್ಕಿ. ಬಯಲಿನ ನಡುವೆ ನೀರು ಬಳಸಿ ಹರಿಯಬೇಕು. ನೆಲದೊಳಗೆ ಸಂಚರಿಸುವ ‘ಚೀ’ ಎಂಬ ಜೀವಶಕ್ತಿ ಇಂಥಲ್ಲಿ ನೆಲೆಸುತ್ತದೆಂದು ಅವರ ನಂಬಿಕೆ.

ಚೀ ಎಂಬುದನ್ನು ಅಳೆಯುವ ಯಾವ ಉಪಕರಣವೂ ಇಲ್ಲವಾದುದರಿಂದ ಅದನ್ನು ಒಂದು ಕಡೆಗಿಟ್ಟು, ಕುರ್ಚಿಯ ಆಕಾರವನ್ನು ಮಾತ್ರ ಪರಿಶೀಲಿಸೋಣ. ಚೀನದ ಚಳಿಗಾಲದ ಗಾಳಿ ಸೈಬೀರಿಯದ ಕಡೆಯಿಂದ, ಉತ್ತರ ಮತ್ತು ವಾಯವ್ಯಗಳಿಂದ, ಬೀಸುತ್ತದೆ. ಬೇಸಗೆಯ ಹಿತವಾದ ತೇವಗಾಳಿ ಆಗ್ನೇಯ ಸಮುದ್ರದಿಂದ ಬರುತ್ತದೆ. ಬೀಜಿಂಗ್ ನಗರದ ಅಕ್ಷಾಂಶ ಸುಮಾರು 40 ಡಿಗ್ರಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲ ಸೂರ್ಯನು ದಕ್ಷಿಣದ ದಿಗಂತದಿಂದ ಸುಮಾರು 27 ಡಿಗ್ರಿಯಷ್ಟೇ ಮೇಲೇರುತ್ತಾನೆ. ಆದುದರಿಂದ ಬೆನ್ನಿಗೆ ಬೆಟ್ಟವಿಟ್ಟುಕೊಂಡು ದಕ್ಷಿಣಕ್ಕೆ ತೆರೆದುಕೊಂಡ ಮನೆಗೆ ಶೀತಗಾಳಿಯಿಂದ ರಕ್ಷಣೆ, ಚಳಿಗಾಲದ ಬಿಸಿಲು, ಬೇಸಗೆಯ ಗಾಳಿ ಮೂರೂ ದೊರೆಯುತ್ತವೆ. ಆಮೆ ಮತ್ತು ಹಕ್ಕಿ ಚೀನದ ವಾಯುಗುಣದ ಸಂಕ್ಷೇಪ ಚಿತ್ರಗಳೆಂದರೆ ತಪ್ಪಾಗಲಾರದು.

ನೀರಿನ ವಿಷಯದಲ್ಲಿ ಅವರ ನಿಯಮ ಇನ್ನೂ ಸ್ವಾರಸ್ಯವಾಗಿದೆ. ಹೊಳೆ ಬಾಗುವೆಡೆಯಲ್ಲಿ ಬಾಗಿನ ಒಳದಂಡೆ ಶುಭ, ಹೊರದಂಡೆ ಅಶುಭ. ಒಳದಂಡೆಯ ಮನೆಯನ್ನು ಹೊಳೆಯು ನಡುಪಟ್ಟಿಯಂತೆ ಬಳಸಿರುತ್ತದೆ. ಹೊರದಂಡೆಯ ಮನೆಯ ಕಡೆಗೆ ಅದು ಬಿಲ್ಲಿನಂತೆ ಬಾಗಿರುತ್ತದೆ. ಈ ನಿಯಮಕ್ಕೆ ಭೌತಶಾಸ್ತ್ರದ ಬೆಂಬಲವುಂಟು. ಬಾಗಿನಲ್ಲಿ ಹರಿಯುವ ನೀರು ಕೇಂದ್ರದಿಂದ ಹೊರಕ್ಕೆ ಒತ್ತಲ್ಪಡುತ್ತದೆ. ಮೇಲ್ಪದರದ ವೇಗದ ನೀರು ಹೊರದಂಡೆಗೆ ಸರಿದು ಅಲ್ಲಿ ಕೆಳಕ್ಕಿಳಿಯುತ್ತದೆ; ತಳದ ನೀರು, ನೆಲದ ಘರ್ಷಣೆಯಿಂದ ನಿಧಾನವಾದುದು, ಒಳದಂಡೆಯ ಕಡೆಗೆ ಹರಿಯುತ್ತದೆ. ಹೀಗಾಗಿ ಹೊರದಂಡೆ ಕೊರೆಯುತ್ತ ಹೋಗುತ್ತದೆ. ಒಳದಂಡೆಯಲ್ಲಿ ಮರಳು, ಮೆಕ್ಕಲು ಕೂಡುತ್ತವೆ. ಆಲ್ಬರ್ಟ್ ಐನ್‌ಸ್ಟೈನ್ 1926ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ಚಹದ ಬಟ್ಟಲಿನಿಂದ ವಿವರಿಸಿದನು. ಸೋಸದ ಚಹವನ್ನು ಚಮಚೆಯಿಂದ ತಿರುವಿ ಬಿಟ್ಟರೆ ಎಲೆಗಳು ಬಟ್ಟಲಿನ ಅಂಚಿಗೆ ಹೋಗುವುದಿಲ್ಲ, ತಳದ ನಡುವೆ ಬಂದು ಗುಂಪಾಗುತ್ತವೆ. ವಾಚಕರು ಇದನ್ನು ಇಂದೇ ಮಾಡಿ ನೋಡಬಹುದು. ಆದರೆ ಒಳದಂಡೆಯು ಕೊರೆತದಿಂದ ಮಾತ್ರ ಪಾರಾಗುತ್ತದೆ, ಪ್ರವಾಹದಿಂದಲ್ಲ. ಅಲ್ಲಿ ಮೆಕ್ಕಲು ಕೂಡಿರುವುದೇ ನೆರೆಯ ನೀರು ಅಲ್ಲಿಗೆ ಬರುತ್ತದೆಂಬುದಕ್ಕೆ ಸಾಕ್ಷಿ.

ಬೆಟ್ಟ ಹೊಳೆಗಳಿಲ್ಲದ ಪಟ್ಟಣದ ಬಡಾವಣೆಗೆ ಈ ಶಾಸ್ತ್ರವನ್ನು ಅನ್ವಯಿಸುವವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಎತ್ತರದ ಕಟ್ಟಡಗಳನ್ನು ಬೆಟ್ಟಗಳೆಂದೂ ರಸ್ತೆಗಳನ್ನು ಹೊಳೆಗಳೆಂದೂ ಅವರು ಓದುತ್ತಾರೆ. ಹಾಂಗ್‌ಕಾಂಗ್‌ನಲ್ಲಿ, ಬೆಟ್ಟದಿಂದ ಕಡಲಿಗಿಳಿಯುವ ನಾಗನಿಗೆ ದಾರಿಯೆಂದು ಹೇಳಲಾಗುವ ದೊಡ್ಡ ಕಂಡಿಗಳನ್ನು ನಡುವೆ ಬಿಟ್ಟು ಕಟ್ಟಿದ ಬಹುಮಹಡಿ ಮನೆಗಳುಂಟು. ರಸ್ತೆಯೊಂದು ನೇರವಾಗಿ ಬಂದು ಮನೆಯ ಬಾಗಿಲಿಗೆ ತಾಕಿದರೆ ಅದು ಬಾಣ ತಾಕಿದಂತೆ ಎಂದು ಚೀನೀಯರು ಅಂಜುತ್ತಾರೆ. ನಮ್ಮಲ್ಲಿ ಇದನ್ನೇ ಬೀದಿಕುತ್ತು, ವೀಥಿಶೂಲ ಎನ್ನುತ್ತಾರೆ. ಇಳಿಜಾರಾದ ಬೀದಿಯ ಕೊನೆಯಲ್ಲಿರುವ ಮನೆಯ ಹೊಸ್ತಿಲಿಗೆ ಮಳೆಯ ನೀರು ನುಗ್ಗುವುದನ್ನು ಕಂಡವರಿಗೆ ಈ ಅಂಜಿಕೆಯ ಮೂಲವನ್ನು ವಿವರಿಸಬೇಕಾಗಿಲ್ಲ. ಬೀದಿಯು ಮನೆಯಿಂದ ಹೊರಕ್ಕೆ ಇಳಿಜಾರಾಗಿದ್ದರೆ ಮಾತ್ರ ಆ ದೋಷ ಎಲ್ಲಿ ಉಳಿಯಿತೆಂದು ಶಾಸ್ತ್ರಿಗಳು ಹೇಳುವುದಿಲ್ಲ!

ಇನ್ನು ಕೋಟನೂರಕ್ಕೆ ಬರೋಣ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯ ಬಳಿಯಿರುವ ಈ ಊರು ಹಳ್ಳಿಯಾಗಿದ್ದುದು, ನಗರ ಬೆಳೆದಂತೆ ಅದರೊಡನೆ ಕೂಡಿಕೊಳ್ಳುತ್ತಿದೆ. ಇಲ್ಲಿ ಆಮೆಯಾಗಬಲ್ಲ ಬೆಟ್ಟವಿಲ್ಲ, ನಾಗನಾಗಬಲ್ಲ ಗುಡ್ಡವಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾರಸದ ಶಿಲೆ ಕೆಳಗಿದೆ. ಅದು ಸವೆದು ಉಂಟಾದ ಎರೆಮಣ್ಣು ಮೇಲಿದೆ. ಕಣ್ಣಿಗೆ ಎಲ್ಲವೂ ಒಂದೇ ಮಟ್ಟವೆಂದು ತೋರುವ ಬಯಲು.

ಚೀನದ ನಿಯಮವನ್ನು ಇದ್ದಂತೆಯೇ ಇಲ್ಲಿಗೆ ತಂದರೆ ಏನಾಗುತ್ತದೆ? ಕಲಬುರಗಿಯ ಅಕ್ಷಾಂಶ ಸುಮಾರು 17 ಡಿಗ್ರಿ 20 ಮಿನಿಟು. ಡಿಸೆಂಬರ್‌ನಲ್ಲಿಯೂ ಇಲ್ಲಿಯ ನಡುಹಗಲ ಸೂರ್ಯ 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗಂತೂ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೀಜಿಂಗ್‌ನಲ್ಲಿ ಇದು ಎಂದೂ ಘಟಿಸದು. ಉತ್ತರದಿಂದ ಮರಗಟ್ಟಿಸುವ ಗಾಳಿಯೂ ಇಲ್ಲಿಲ್ಲ. ಇಲ್ಲಿಯ ಶತ್ರು 40 ಡಿಗ್ರಿ ಮೀರುವ ಬೇಸಗೆಯ ಉಷ್ಣ, ಅದರಲ್ಲಿಯೂ ಪಶ್ಚಿಮದ ಗೋಡೆಯನ್ನು ಸಂಜೆಯವರೆಗೆ ಕಾಯಿಸುವ ಬಿಸಿಲು. ಆದುದರಿಂದ ಕೋಟನೂರದಲ್ಲಿ ತಗ್ಗಾಗಿರಬೇಕಾದ ಹುಲಿಯೇ ಎತ್ತರವಾಗಿರುವುದು ಒಳ್ಳೆಯದು. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಂಪುಗಾಳಿಯೂ ಪಶ್ಚಿಮ, ನೈಋತ್ಯಗಳಿಂದಲೇ ಬರುತ್ತದಾಗಿ, ಅಲ್ಲಿ ಗೋಡೆಗಿಂತ ಬೇವಿನ ಮರ ಮೇಲು. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ ಇರುತ್ತಿದ್ದುದು ಇದೇ ವಾಯುಗುಣದ ಓದಿನಿಂದ.

ಬೆಟ್ಟವಿಲ್ಲವೆಂದ ಮಾತ್ರಕ್ಕೆ ಭೂರೂಪವಿಲ್ಲವೆಂದು ತಿಳಿಯಬಾರದು. ಇಂಥ ಬಯಲಿನಲ್ಲಿ ಅದು ಅಡಿಗಳಲ್ಲಿ, ಕೆಲವೆಡೆ ಅಂಗುಲಗಳಲ್ಲಿ ಅಡಗಿರುತ್ತದೆ. ಭಾರತ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕಾಶೆಗಳಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರು. ಒಂದು ಇಡೀ ಬಡಾವಣೆ ಎರಡು ರೇಖೆಗಳ ನಡುವೆ ಸುಳಿವು ಕೊಡದೆ ಕುಳಿತುಬಿಡಬಹುದು. ಆದರೆ ರೈತನಿಗೆ ಅದು ಗೊತ್ತು. ಎತ್ತರವಾದ ಗರಸು ನೆಲಕ್ಕೆ ಅವನು ಮಡ್ಡಿ ಎನ್ನುತ್ತಾನೆ. ನೀರು ಹರಿಯುವ ತಗ್ಗಿಗೆ ಹಳ್ಳ ಎನ್ನುತ್ತಾನೆ, ಅದರಲ್ಲಿ ಹತ್ತು ತಿಂಗಳು ತೊಟ್ಟು ನೀರಿಲ್ಲದಿದ್ದರೂ ಸರಿಯೆ. ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಜೋಳವನ್ನು ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಹಗೇವಿಗೆ ಮಳೆಗಾಲದಲ್ಲಿಯೂ ತೇವ ತಾಕದ ಎತ್ತರದ ಗಟ್ಟಿನೆಲ ಬೇಕು. ಒಮ್ಮೆ ನೀರು ನುಗ್ಗಿದರೆ ವರ್ಷದ ಕಾಳೆಲ್ಲ ಕೊಳೆಯುತ್ತಿತ್ತು. ಹಗೇವು ಎಲ್ಲಿತ್ತೆಂದು ಹಿರಿಯರನ್ನು ಕೇಳಿದರೆ ಊರಿನ ಒಣನೆಲ ಎಲ್ಲಿದೆಯೆಂಬುದು ಯಾವ ದಿಕ್ಸೂಚಿಯೂ ಇಲ್ಲದೆ ತಿಳಿಯುತ್ತದೆ.

ಈ ತಿಳಿವಿನ ಬೆಲೆ ಎಷ್ಟೆಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ಒಂದು ಹೆಕ್ಟೇರ್ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಐದು ಲಕ್ಷ ಲೀಟರ್ ನೀರಾಗುತ್ತದೆ. ಬಿರುಕುಬಿಟ್ಟ ತೊಗರಿಯ ಹೊಲ ಇದರಲ್ಲಿ ಬಹುಭಾಗವನ್ನು ಕುಡಿಯಬಲ್ಲದು. ಅದೇ ಹೊಲ ರಸ್ತೆ, ಕಾಂಕ್ರೀಟು, ತಾರಸಿಗಳಿಂದ ಮುಚ್ಚಿದ ಬಡಾವಣೆಯಾದಾಗ ಬಹುಭಾಗ ಹರಿದೇ ಹೋಗಬೇಕು, ಹೋಗುವುದು ಹಳ್ಳದ ಹಳೆಯ ದಾರಿಯಲ್ಲಿಯೇ. ಆ ದಾರಿಯನ್ನು ತುಂಬಿ ನಿವೇಶನ ಮಾಡಿದ್ದರೆ ನೀರಿಗೆ ಅದರ ನೆನಪು ಹೋಗುವುದಿಲ್ಲ. 2020ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಸುರಿದ ಭಾರಿ ಮಳೆ ಮತ್ತು ಭೀಮಾ ನದಿಯ ಮಹಾಪೂರ ಇಂಥ ಅನೇಕ ಪಾಠಗಳನ್ನು ಕಲಿಸಿದವು.

ಆಕಾರವನ್ನಷ್ಟೆ ನೋಡುವ ಕಣ್ಣಿಗೆ ಕೋಟನೂರದಲ್ಲಿ ತಪ್ಪಿಹೋಗುವ ಬಹು ಮುಖ್ಯವಾದ ಸಂಗತಿಯೆಂದರೆ ಮಣ್ಣು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಇದರ ಕಣಗಳು ಅತಿ ತೆಳ್ಳನೆಯ ಹಾಳೆಗಳ ಕಟ್ಟುಗಳಂತಿವೆ. ಹಾಳೆಗಳ ನಡುವೆ ನೀರು ಸೇರಿದಾಗ ಅವು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಆಳವಾದ ಬಿರುಕುಗಳನ್ನು ಬಿಡುತ್ತದೆ. ಮಳೆಗಾಲದಲ್ಲಿ ಗೋಡೆಯ ಹೊರಬದಿಯ ಮಣ್ಣು ನೆನೆದು ಏಳುತ್ತದೆ, ಮನೆಯ ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಹೀಗೆ ಒಂದೇ ಬುನಾದಿ ಒಂದೆಡೆ ಎದ್ದು ಇನ್ನೊಂದೆಡೆ ನಿಂತಾಗ ಗೋಡೆ ಓರೆಯಾಗಿ ಸೀಳುತ್ತದೆ. ಜಂಬಿಟ್ಟಿಗೆಯ ದಿನ್ನೆಯ ಮೇಲಿರುವ ಬೀದರಿನವರಿಗೆ ಈ ಕಷ್ಟ ಅಷ್ಟಾಗಿ ತಿಳಿಯದು.

ಮಣ್ಣನ್ನು ಪರೀಕ್ಷಿಸಬೇಕೆಂಬ ಬುದ್ಧಿ ನಮ್ಮ ಪ್ರಾಚೀನರಿಗೂ ಇತ್ತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಎರಡು ಪ್ರಯೋಗಗಳಿವೆ. ಮೊಳದ ಗುಂಡಿ ತೋಡಿ ಅದೇ ಮಣ್ಣಿನಿಂದ ತುಂಬಿದಾಗ ಮಣ್ಣು ಮಿಕ್ಕರೆ ನೆಲ ಉತ್ತಮ, ಸಾಲದಿದ್ದರೆ ಅಧಮ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರುವಷ್ಟರಲ್ಲಿ ನೀರು ಕಡಮೆಯಾಗದಿದ್ದರೆ ಒಳ್ಳೆಯದು. ಮೊದಲನೆಯದು ಮಣ್ಣಿನ ಬಿಗಿಯನ್ನೂ ಎರಡನೆಯದು ಅದು ನೀರನ್ನು ಇಂಗಿಸುವ ವೇಗವನ್ನೂ ಅಳೆಯುತ್ತವೆ. ಆದರೆ ಎರೆಮಣ್ಣು ಎರಡನೆಯ ಪರೀಕ್ಷೆಯನ್ನು ವಂಚಿಸುತ್ತದೆ. ಮೇ ತಿಂಗಳಲ್ಲಿ ಬಿರುಕುಗಳ ಮೂಲಕ ನೀರು ನೋಡುನೋಡುತ್ತಲೇ ಇಳಿದುಹೋಗುತ್ತದೆ. ಆಗಸ್ಟ್‌ನಲ್ಲಿ ಬಿರುಕುಗಳು ಮುಚ್ಚಿಕೊಂಡಾಗ ಅದೇ ಗುಂಡಿಯಲ್ಲಿ ನೀರು ನಿಂತೇ ಇರುತ್ತದೆ. ಒಂದೇ ನಿವೇಶನ ಬೇಸಗೆಯಲ್ಲಿ ಅಧಮ, ಮಳೆಗಾಲದಲ್ಲಿ ಉತ್ತಮ!

ಪರಿಹಾರವನ್ನು ಕಂಡುಹಿಡಿದುದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಅಲ್ಲಿಯ ವಿಜ್ಞಾನಿಗಳು 1950ರ ದಶಕದಲ್ಲಿ ತಳದಲ್ಲಿ ಗಡ್ಡೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂಪಿಸಿದರು. ಋತುಗಳ ತೇವ ತಾಕುವುದು ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳದವರೆಗೆ. ಕಂಬದ ಗಡ್ಡೆ ಅದಕ್ಕೂ ಕೆಳಗೆ ಊರಿಕೊಂಡಿರುವುದರಿಂದ ಮೇಲಿನ ಮಣ್ಣು ಎಷ್ಟು ಉಬ್ಬಿದರೂ ಮನೆಯನ್ನು ಎತ್ತಲಾರದು. ಎರೆ ತೆಳುವಾಗಿರುವಲ್ಲಿ ಅದನ್ನು ತೆಗೆದು ಗರಸು ತುಂಬುವುದೂ, ಮನೆಯ ಸುತ್ತ ಕಲ್ಲಿನ ಹಾಸು ಹಾಕಿ ನೀರನ್ನು ದೂರ ಸಾಗಿಸುವುದೂ ರೂಢಿಯಲ್ಲಿವೆ. ಹಾಸಿಗೆ ಶಹಾಬಾದಿನ ಪರಸಿ ಹತ್ತಿರದಲ್ಲಿಯೇ ದೊರೆಯುತ್ತದೆ.

ಇಷ್ಟಾದರೂ ನಿವೇಶನ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೆಂಬುದು. ಹೆಸರಿನ ಅಕ್ಷರಕ್ಕೆ ಆ ದಿಕ್ಕು ಹೊಂದುವುದೆ ಎಂಬುದು ಎರಡನೆಯದು. ಚೀನದಲ್ಲಿಯೂ ಮನೆತನದ ಹೆಸರಿನ ಧ್ವನಿಗೂ ಬಾಗಿಲಿನ ದಿಕ್ಕಿಗೂ ಗಂಟುಹಾಕುತ್ತಿದ್ದರು. ಮೊದಲನೆಯ ಶತಮಾನದಲ್ಲಿಯೇ ವಾಂಗ್ ಚುಂಗ್ ಎಂಬ ವಿಚಾರವಂತನು ತನ್ನ ಲುನ್‌ಹೆಂಗ್ ಗ್ರಂಥದಲ್ಲಿ ಇದನ್ನು ಖಂಡಿಸಿದ್ದಾನೆ. ಜೀವಮಾನದ ಉಳಿತಾಯವನ್ನು ಸುರಿದು ಪೂರ್ವದಿಕ್ಕಿನ ಬಾಗಿಲನ್ನು ಕೊಂಡವನಿಗೆ ಅದರ ಕೆಳಗೆ ಹಳ್ಳವೂ ದೊರೆಯಬಹುದು.

ವಿದ್ಯಾರ್ಥಿಗಳು ತಮ್ಮ ಬಡಾವಣೆಯನ್ನು ತಾವೇ ಓದಬಹುದು. ಊರಿನ ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ, ಕಾಲುದಾರಿಗಳ ಗುರುತಿರುತ್ತದೆ. ಅದನ್ನು ಇಂದಿನ ಬಡಾವಣೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. ಇಳಿಜಾರನ್ನು ಅಳೆಯಲು ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಎರಡು ತುದಿಗಳಲ್ಲಿಯೂ ನೀರಿನ ಮಟ್ಟ ಒಂದೇ ಆಗಿರುವುದರಿಂದ ಎರಡು ಸ್ಥಳಗಳ ಎತ್ತರದ ವ್ಯತ್ಯಾಸ ಅಳತೆಪಟ್ಟಿಯಲ್ಲಿಯೇ ಸಿಗುತ್ತದೆ. ಕೊಳವೆಯೊಳಗೆ ಗಾಳಿಯ ಗುಳ್ಳೆ ಉಳಿಯದಂತೆ ಎಚ್ಚರವಹಿಸಬೇಕು. ಗೋಡೆಯಲ್ಲಿ ಬಿರುಕಿದ್ದರೆ ಅದರ ಎರಡು ಬದಿಗಳಲ್ಲಿಯೂ ಒಂದೊಂದು ಸಣ್ಣ ಮೊಳೆ ಹೊಡೆದು, ಅವುಗಳ ನಡುವಣ ಅಂತರವನ್ನು ಮೇ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಅಳೆದು ದಿನಾಂಕದೊಡನೆ ಬರೆದಿಡಬೇಕು. ಮೂರು ವರ್ಷ ಹೀಗೆ ಮಾಡಿದರೆ, ಬಿರುಕು ಋತುವಿನೊಡನೆ ತೆರೆದು ಮುಚ್ಚುವುದೋ ಅಥವಾ ಒಂದೇ ಸಮನೆ ಅಗಲವಾಗುತ್ತ ಹೋಗುವುದೋ ಎಂಬುದು ಸ್ಪಷ್ಟವಾಗುತ್ತದೆ. ಎರಡನೆಯದಾದರೆ ತಡಮಾಡದೆ ಎಂಜಿನಿಯರನ್ನು ಕರೆಯಿಸಬೇಕು.