ಹಲಸೂರಿನ ಹಿರಿಯರು, ಸಿಂಗಪುರದ ಮನೆ

ಬೆಂಗಳೂರಿನ ಪೂರ್ವ ಭಾಗದ ಮಧ್ಯಮ ವರ್ಗ ಬಹುಮಟ್ಟಿಗೆ ಸಾರ್ವಜನಿಕ ವಲಯದ ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದದ್ದು; 1940ರಲ್ಲಿ ಆರಂಭವಾದ ಎಚ್.ಎ.ಎಲ್., 1948ರ ಐ.ಟಿ.ಐ., 1964ರ ಬಿ.ಇ.ಎಂ.ಎಲ್. ಹಾಗೂ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಗಳಲ್ಲಿ ದುಡಿದವರು ಹಲಸೂರು, ಇಂದಿರಾನಗರ, ತಿಪ್ಪಸಂದ್ರ, ಕೆ.ಆರ್.ಪುರಗಳಲ್ಲಿ ಮನೆ ಮಾಡಿಕೊಂಡು ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದರು, ಆ ಮಕ್ಕಳಲ್ಲಿ ಕೆಲವರು ಕೆಲಸ ಹಿಡಿದು ಸಿಂಗಪುರ ಸೇರಿದರು. ಅಂಥವರ ಮನೆಗೆ ನಿವೃತ್ತ ತಂದೆತಾಯಿ ಬಂದು ತಂಗುವುದು ಈಗ ವಿಶೇಷವೇನಲ್ಲ. ಆದರೆ ಆ ಭೇಟಿಯನ್ನು ಪ್ರವಾಸವೆಂದು ಬಗೆದು ಸಿದ್ಧತೆ ನಡೆಸಿದ ಮನೆಗಳಲ್ಲಿ ಎರಡನೆಯ ವಾರದ ಹೊತ್ತಿಗೆ ಬಂದವರಿಗೂ ಕರೆಸಿಕೊಂಡವರಿಗೂ ಬೇಸರ ಹತ್ತುವುದೇಕೆ ಎಂಬುದು ವಿಚಾರಿಸತಕ್ಕ ಸಂಗತಿ. ಇಲ್ಲಿನ ಮಾತುಗಳಿಗೆ ಆಧಾರ ಅಂಥ ಒಂದು ಮನೆಯ ಹಲವು ಭೇಟಿಗಳ ಅನುಭವ: ತಂದೆ ಐ.ಟಿ.ಐ. ನಿವೃತ್ತರು, ತಾಯಿ ಹಲಸೂರಿನಲ್ಲೇ ಹುಟ್ಟಿ ಬೆಳೆದವರು, ಅವರನ್ನು ಕರೆಸಿಕೊಂಡ ಮಗಳು ಈ ಲೇಖಕಿ.

ಅಮೆರಿಕಕ್ಕೆ ಹೋದ ತಂದೆತಾಯಿ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಿಲ್ಲುತ್ತಾರೆ. ನಾಲ್ಕೂವರೆ ಗಂಟೆಯ ಹಾರಾಟದಷ್ಟೇ ದೂರದ ಸಿಂಗಪುರದಲ್ಲಿ ಲೆಕ್ಕ ಬೇರೆ: ಅಲ್ಲಿ ಭಾರತೀಯರಿಗೆ ಸಿಗುವ ವೀಸಾ ಬಾಗಿಲವರೆಗಿನ ಅನುಮತಿ ಮಾತ್ರ, ಎಷ್ಟು ದಿನ ಇರಬಹುದೆಂಬುದು ಚಾಂಗಿ ವಿಮಾನ ನಿಲ್ದಾಣದಲ್ಲಿ ನಿರ್ಧಾರವಾಗುತ್ತದೆ, ಅದು ಹೆಚ್ಚಾಗಿ ಒಂದು ತಿಂಗಳಿನ ಆಸುಪಾಸು. ತಂದೆತಾಯಿಯನ್ನು ಇನ್ನೂ ದೀರ್ಘಕಾಲ ಇರಿಸಿಕೊಳ್ಳಲು ಬೇಕಾಗುವ ಲಾಂಗ್ ಟರ್ಮ್ ವಿಸಿಟ್ ಪಾಸ್, ಅಂದರೆ ದೀರ್ಘಾವಧಿ ವಾಸದ ಪರವಾನಗಿ, ಅಲ್ಲಿ ಉದ್ಯೋಗದ ಪಾಸ್ ಮೇಲಿರುವ ಮಕ್ಕಳಿಗೆ ದೊರೆಯಬೇಕಾದರೆ ಅವರ ನಿಗದಿತ ಮಾಸಿಕ ಸಂಬಳ ಕನಿಷ್ಠ 12,000 ಸಿಂಗಪುರ ಡಾಲರ್ ಇರಬೇಕು. ಹೀಗಾಗಿ ಭೇಟಿಗಳು ಚಿಕ್ಕವು. ಚಿಕ್ಕವೆಂಬ ಕಾರಣಕ್ಕೇ ಮಕ್ಕಳು ಒಂದು ದಿನವನ್ನೂ ಖಾಲಿ ಬಿಡದೆ ಸೆಂಟೋಸಾ, ಮರೀನಾ ಬೇ, ಮೃಗಾಲಯ ಎಂದು ಸುತ್ತಿಸುತ್ತಾರೆ, ರಜೆ ಮುಗಿದೊಡನೆ ಕೆಲಸಕ್ಕೆ ಹೊರಟುಹೋಗುತ್ತಾರೆ, ಉಳಿದ ದಿನಗಳಲ್ಲಿ ಹಿರಿಯರು ಬಹುಮಹಡಿಯ ಮನೆಯೊಳಗೆ ಮಗಳು ಬರುವ ದಾರಿ ಕಾಯುತ್ತಾರೆ. ತೋರಿಸಿದ್ದು ಕಡಿಮೆಯಾಯಿತೆಂದು ಯಾವ ತಂದೆತಾಯಿಯೂ ದೂರುವುದಿಲ್ಲ. ಬೀದಿಗಿಳಿಯಲೂ ಯಾರನ್ನಾದರೂ ಕೇಳಬೇಕಾದ ಸ್ಥಿತಿಯೇ ಅವರನ್ನು ಕುಗ್ಗಿಸುತ್ತದೆ.

ತಾವಾಗಿಯೇ ಬೀದಿಗಿಳಿಯಲು ಹೊರಟವರಿಗೆ ಮೊದಲು ಎದುರಾಗುವುದು ದೇಹದ ತೊಡಕು. ಜ್ವರಬಾಧೆಯ ಶ್ರೀರಂಗಪಟ್ಟಣವನ್ನು ಬಿಟ್ಟು 1809ರಲ್ಲಿ ಬ್ರಿಟಿಷ್ ಸೇನೆ ದಂಡುಪ್ರದೇಶವನ್ನು ನೆಲೆಗೊಳಿಸಿದ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಿಂಗಪುರ ಭೂಮಧ್ಯರೇಖೆಯಿಂದ ಒಂದೇ ಡಿಗ್ರಿ ಉತ್ತರಕ್ಕೆ, ಕಡಲ ಮಟ್ಟದಲ್ಲಿದೆ. ಮಧ್ಯಾಹ್ನದ ತಾಪ 31–32 ಡಿಗ್ರಿಯಷ್ಟೇ ಆದ್ದರಿಂದ ಬೆಂಗಳೂರಿನ ಏಪ್ರಿಲ್ ಕಂಡವರಿಗೆ ಅಂಕಿಯಲ್ಲಿ ಹೆದರಿಕೆ ಕಾಣುವುದಿಲ್ಲ, ಆದರೆ ಗಾಳಿಯ ತೇವದಿಂದ ಬೆವರು ಆರದು, ರಾತ್ರಿಯೂ ತಂಪಾಗದು, ಒಗೆದ ಪಂಚೆ ಮರುದಿನಕ್ಕೂ ಹಸಿಯಾಗಿಯೇ ಉಳಿಯುವುದುಂಟು. ಅದಕ್ಕಿಂತಲೂ ಮೊಣಕಾಲು ನೋವಿನವರನ್ನು ಕಾಡುವುದು ಹೊರಗಿನ ಧಗೆಯಿಂದ ಮಾಲ್‌ನ ಕೊರೆಯುವ ಏಸಿಗೂ ಮಾಲ್‌ನಿಂದ ಮತ್ತೆ ಧಗೆಗೂ ದಿನಕ್ಕೆ ಹತ್ತು ಬಾರಿ ಆಗುವ ಓಡಾಟ; ಈ ಊರಿಗೆ ಸ್ವೆಟರ್ ಬೇಡವೆಂದು ಹೇಳುವ ಮಕ್ಕಳು ತಮ್ಮ ಆಫೀಸಿನ ಕುರ್ಚಿಗೇ ಒಂದನ್ನು ನೇತುಹಾಕಿರುತ್ತಾರೆಂಬುದು ಬೇರೆ ಮಾತು.

ಗಡಿಯಾರದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಸಿಂಗಪುರದ ಸಮಯ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದ್ದು, ಆ ದೇಶ ತನ್ನ ರೇಖಾಂಶಕ್ಕೆ ಸಲ್ಲುವುದಕ್ಕಿಂತ ಮುಂದಿನ ಗಡಿಯಾರವನ್ನು ಇಟ್ಟುಕೊಂಡಿರುವುದರಿಂದ, ವರ್ಷವಿಡೀ ಸೂರ್ಯೋದಯ ಬೆಳಗಿನ ಏಳರ ಸುಮಾರಿಗೆ, ಸೂರ್ಯಾಸ್ತ ಸಂಜೆಯ ಏಳರ ಸುಮಾರಿಗೆ ಆಗುತ್ತದೆ. ಹಲಸೂರು ಕೆರೆಯ ಬದಿಯಲ್ಲಿ ಬೆಳಕು ಹರಿಯುವಾಗಲೇ ನಡಿಗೆ ಮುಗಿಸುತ್ತಿದ್ದವರು ಇಲ್ಲಿ ಆರೂವರೆಗೆ ಬಾಗಿಲು ತೆರೆದರೂ ಕತ್ತಲೆ. ಲೇಖಕಿಯ ತಾಯಿ ಪೆಟ್ಟಿಗೆಯಲ್ಲಿ ತಂದ ಒಂಟಿಕೊಪ್ಪಲ್ ಪಂಚಾಂಗ ಇದರಿಂದ ಪೇಚಿಗೆ ಸಿಕ್ಕಿತು. ರಾಹುಕಾಲವೆಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿದಾಗ ವಾರಕ್ಕೆ ತಕ್ಕಂತೆ ಬರುವ ಒಂದು ಪಾಲು. ಸೋಮವಾರ ಅದು ಎರಡನೆಯ ಪಾಲಾದ್ದರಿಂದ ಊರಿನಲ್ಲಿ ಏಳೂವರೆಯಿಂದ ಒಂಬತ್ತೆಂದು ಎಣಿಸುವುದು ಸಿಂಗಪುರದಲ್ಲಿ ಸರಿಸುಮಾರು ಎಂಟೂವರೆಯಿಂದ ಹತ್ತಾಗುತ್ತದೆ. ತಿಥಿಯ ಲೆಕ್ಕ ಇಷ್ಟು ಸಲೀಸಲ್ಲ: ತಿಥಿ ಚಂದ್ರ-ಸೂರ್ಯರ ಅಂತರದಿಂದ ಬರುವುದರಿಂದ ಲೋಕಕ್ಕೆಲ್ಲ ಒಂದೇ ಕ್ಷಣದಲ್ಲಿ ಬದಲಾಗುತ್ತದೆ, ಆದರೆ ಸಿಂಗಪುರದಲ್ಲಿ ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದೂಮುಕ್ಕಾಲು ಗಂಟೆ ಮೊದಲೇ ಹುಟ್ಟುವ ಕಾರಣ, ಉದಯಕ್ಕಿರುವ ತಿಥಿಯನ್ನು ಹಿಡಿದು ಆಚರಿಸುವ ಏಕಾದಶಿಯಂಥ ವ್ರತ ಒಮ್ಮೊಮ್ಮೆ ಬೇರೆ ದಿನಕ್ಕೆ ಸರಿಯಬಹುದು. ಮಗಳು ಫೋನಿನಲ್ಲಿ ನೋಡಿ ಹೇಳಿದ್ದನ್ನು ತಾಯಿ ಒಪ್ಪಲಿಲ್ಲ, ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಅರ್ಚಕರನ್ನು ತಾವೇ ಕೇಳಿ ಬಂದರು. ಆ ಒಂದು ಪ್ರಶ್ನೆಯ ನೆಪದಲ್ಲಿ ಅವರಿಗೆ ದೇವಸ್ಥಾನದ ದಾರಿ, ಮೆಟ್ರೋ ಹತ್ತುವ ಕ್ರಮ, ಅಂಗಳದಲ್ಲಿ ಕೂರುವ ನಾಲ್ವರು ಹೆಂಗಸರ ಪರಿಚಯ ಎಲ್ಲವೂ ಆದವು.

ಇಲ್ಲಿಯೇ ದಂಡುಪ್ರದೇಶದ ಬದುಕು ನೆರವಿಗೆ ಬರುತ್ತದೆ. ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು, ಮತ್ತು ಹಲಸೂರು, ಶಿವಾಜಿನಗರಗಳ ಸಂತೆಬೀದಿಯಲ್ಲಿ ಬೆಳೆದ ಕನ್ನಡಿಗರಿಗೆ ಮನೆಯ ಕನ್ನಡದ ಜೊತೆಗೆ ತಮಿಳು ಮತ್ತು ದಖನಿ ಉರ್ದು ಕಲಿಯದೆಯೇ ಬಂದಿರುತ್ತವೆ. ರಸೆಲ್ ಮಾರ್ಕೆಟ್ಟಿನಲ್ಲಿ ಆಯಾ ಅಂಗಡಿಯವರ ಭಾಷೆಯಲ್ಲೇ ಚೌಕಾಸಿ ಮಾಡಿ ರೂಢಿಯಿದ್ದ ತಂದೆ, ಲಿಟ್ಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ ನುಗ್ಗೆಕಾಯಿಯೊಂದನ್ನು ಬೆರಳಲ್ಲಿ ಒತ್ತಿ ನೋಡಿ, ಬಲಿತಿದೆಯೆಂದು ತಮಿಳಿನಲ್ಲಿ ಆಕ್ಷೇಪಿಸಿ, ಕಡೆಗೆ ಕರಿಬೇವಿನ ಒಂದು ಹಿಡಿಯನ್ನು ಕೊಸರು ಪಡೆದು ಬಂದ ದಿನ, ಇಂಗ್ಲಿಷಿನಲ್ಲಿ ಬೆಲೆಯ ಚೀಟಿ ಓದಿ ದುಡ್ಡು ಕೊಡುತ್ತಿದ್ದ ಮಗಳಿಗೆ ಆ ಮಾರುಕಟ್ಟೆ ಹೊಸದಾಗಿ ಕಂಡಿತು. ಮೈಸೂರು ಅಥವಾ ಶಿವಮೊಗ್ಗದಿಂದ ಬರುವ ಹಿರಿಯರಿಗೆ ಈ ಅನುಕೂಲ ಅಷ್ಟಾಗಿ ಇರುವುದಿಲ್ಲ. 1827ರ ಮಾರಿಯಮ್ಮನ್ ದೇವಸ್ಥಾನವೂ ಜಾಮೆ ಮಸೀದಿಯೂ ಅಕ್ಕಪಕ್ಕದಲ್ಲಿರುವ ಸೌತ್ ಬ್ರಿಜ್ ರಸ್ತೆಯೂ ಶಿವಾಜಿನಗರದವರಿಗೆ ಪರಕೀಯವೆನಿಸುವುದಿಲ್ಲ. ಮೆಟ್ರೋ ಕೂಡ ಹಾಗೆಯೇ: 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಮಾರ್ಗ ತೆರೆದಂದಿನಿಂದ ಹಲಸೂರು, ಇಂದಿರಾನಗರಗಳ ಹಿರಿಯರು ಕಾರ್ಡು ತಟ್ಟಿ ಗೇಟು ದಾಟುವುದನ್ನು ಕಲಿತಿದ್ದಾರೆ, ಇಲ್ಲಿ ಮಾರ್ಗಗಳ ಬಣ್ಣವನ್ನಷ್ಟೇ ಹೊಸದಾಗಿ ಕಲಿಯಬೇಕು.

ಅಡುಗೆಮನೆಯನ್ನು ತಾಯಂದಿರಿಗೆ ಬಿಟ್ಟುಕೊಡುವುದು ಲೇಸು. ಅತಿಥಿಯೆಂದು ಕೂರಿಸಿದರೆ ಅವರಿಗೆ ಕಾಲ ಕಳೆಯದು. ಆದರೆ ಅದಕ್ಕೆಂದು ಊರಿನಿಂದ ಕಟ್ಟಿಸುವ ಸಾಮಾನಿನಲ್ಲಿ ಎಚ್ಚರ ಬೇಕು. ಪಾಯಸಕ್ಕೂ ಸಾಗುವಿಗೂ ಬಳಸುವ ಗಸಗಸೆ ಅಫೀಮು ಗಿಡದ ಬೀಜವಾದ್ದರಿಂದ ಸಿಂಗಪುರದಲ್ಲಿ ನಿಷಿದ್ಧ, ಮತ್ತು ಆ ದೇಶದ ಮಾದಕ ವಸ್ತು ಕಾನೂನಿನ ಕಾಠಿಣ್ಯ ಲೋಕಪ್ರಸಿದ್ಧ. ಮಸಾಲೆ ಪುಡಿ ಮನೆಯಲ್ಲೇ ಕುಟ್ಟಿ ತರುವವರು ಅದರಲ್ಲಿ ಗಸಗಸೆ ಇದೆಯೇ ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು. ಜಗಿಯುವ ತಂಬಾಕಿಗೂ ಅಲ್ಲಿ ನಿಷೇಧವಿದೆ. ಔಷಧಿಗಳಲ್ಲಿ ಮೂರು ತಿಂಗಳಿಗಾಗುವಷ್ಟನ್ನು ಸ್ವಂತ ಬಳಕೆಗೆ ತರಬಹುದಾದರೂ ಕೆಲವು ನಿದ್ರೆಮಾತ್ರೆಗಳಿಗೆ, ಕೊಡೀನ್ ಬೆರೆತ ಕೆಮ್ಮಿನ ಔಷಧಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಭಾರತದ ಬ್ರ್ಯಾಂಡ್ ಹೆಸರುಗಳು ಅಲ್ಲಿನ ವೈದ್ಯರಿಗೆ ಪರಿಚಿತವಾಗಿರಲಾರವು. ರಕ್ತದೊತ್ತಡದ ಮಾತ್ರೆಯಾದರೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯದಾದರೆ ಮೆಟ್‌ಫಾರ್ಮಿನ್ ಎಂದು ಒಳಗಿರುವ ಔಷಧಿಯ ಹೆಸರನ್ನೇ ವೈದ್ಯರಿಂದ ಬರೆಸಿ ತರಬೇಕು. ಸರ್ಕಾರದ ವೈದ್ಯಕೀಯ ಸಬ್ಸಿಡಿ ಪ್ರವಾಸಿಗಳಿಗೆ ಇಲ್ಲವಾದ್ದರಿಂದ ವಿಮೆಯಿಲ್ಲದೆ ಹೊರಡಿಸುವುದು ದುಡುಕು. ವಿಮೆ ಕೊಳ್ಳುವಾಗ ಹಳೆಯ ಕಾಯಿಲೆಯನ್ನು ಮುಚ್ಚಿಡುವುದು ಅದಕ್ಕಿಂತ ದೊಡ್ಡ ದುಡುಕು.

ಸರ್ಕಾರಿ ವಸತಿ ಮಂಡಳಿಯಾದ ಎಚ್.ಡಿ.ಬಿ. ಕಟ್ಟಿಸಿದ ಬಹುಮಹಡಿ ಸಮುಚ್ಚಯಗಳ ನೆಲಮಟ್ಟದ ಅಂತಸ್ತಿನಲ್ಲಿ ವಾಯ್ಡ್ ಡೆಕ್ ಎಂಬ ಗೋಡೆಯಿಲ್ಲದ ತೆರವು ಇರುತ್ತದೆ, ಅಲ್ಲಿ ಕಲ್ಲಿನ ಮೇಜು, ಬೆಂಚುಗಳಿರುತ್ತವೆ, ಅದು ನಮ್ಮ ಊರ ಅರಳಿಕಟ್ಟೆಯ ಕೆಲಸವನ್ನು ಮಾಡುತ್ತದೆ. ಬಾಡಿಗೆಯ ಖಾಸಗಿ ಕಾಂಡೊಮಿನಿಯಂನಲ್ಲಿ ಈಜುಕೊಳವಿದ್ದರೂ ಹೀಗೆ ಕೂತು ಮಾತಾಡುವ ಜಾಗ ಸಿಗುವುದು ಅಪರೂಪ, ಆದ್ದರಿಂದ ತಂದೆತಾಯಿ ಆಗಾಗ ಬರುವ ಮನೆಯವರು ಬಾಡಿಗೆಗೆ ಮನೆ ಹುಡುಕುವಾಗ ಎಚ್.ಡಿ.ಬಿ. ಸಮುಚ್ಚಯವನ್ನೇ ಆರಿಸುವುದು ಮೇಲು. ಹೈದರ್ ಕಾಲದ ಲಾಲ್‌ಬಾಗನ್ನು ಕಂಡವರಿಗೆ 1859ರ ಬೊಟಾನಿಕ್ ಗಾರ್ಡನ್ಸ್ ಕೂಡ ಇಷ್ಟವಾಗುತ್ತದೆ. ಬೆಳಗಿನ ಐದಕ್ಕೇ ತೆರೆಯುವ ಆ ತೋಟಕ್ಕೆ ಪ್ರವೇಶ ಶುಲ್ಕವಿಲ್ಲ. ಸಿಂಗಪುರ ಕನ್ನಡ ಸಂಘದ ಕಾರ್ಯಕ್ರಮಗಳು ಭೇಟಿಯ ದಿನಗಳಲ್ಲೇ ಬಿದ್ದರೆ ಅದೃಷ್ಟ.

ಭೇಟಿಗೆ ತಿಂಗಳನ್ನು ಆರಿಸುವಾಗ ಶಾಲೆಗಳ ರಜೆ ನೋಡಿ ಡಿಸೆಂಬರಿಗೆ ಕರೆಸುವ ರೂಢಿಯಿದೆ, ಆದರೆ ಈಶಾನ್ಯ ಮಾರುತದಿಂದ ಅತಿ ಹೆಚ್ಚು ಮಳೆ ಸುರಿಯುವುದು ಆ ಹೊತ್ತಿನಲ್ಲೇ, ಬೆಂಗಳೂರಿನಲ್ಲಿ ಹಿತವಾದ ಚಳಿ ಇರುವುದೂ ಆಗಲೇ. ಮಳೆ ಇಳಿಮುಖವಾಗುವ ಫೆಬ್ರವರಿ ಲೇಖಕಿಯ ಮನೆಗೆ ಒಗ್ಗಿದೆ. ಯುಗಾದಿಯ ಹೊತ್ತಿಗೆ ಹಲಸೂರಿಗೆ ಮರಳುವಂತೆ ಟಿಕೆಟ್ ತೆಗೆಸಬೇಕೆಂಬುದು ತಾಯಿಯ ಷರತ್ತು, ಅದರಲ್ಲಿ ರಾಜಿಯಿಲ್ಲ.