ಬೆನ್ನಿಗೆ ಬಿದ್ದ ಖೋ

ತಮ್ಮಂದಿರಾ, ತಂಗಿಯರಾ,

ದೇವದುರ್ಗದ ಖೋ ಖೋ ಪಂದ್ಯಕ್ಕೆ ಸಿನಿಮಾ ನಟರೊಬ್ಬರನ್ನು ಕರೆಸಬೇಕೆಂದು ಪಟ್ಟಿ ಎತ್ತುತ್ತಾ ನಮ್ಮ ಮನೆಗೂ ಬಂದಿರಿ. ನನ್ನ ಪಟ್ಟಿ ಕೊಟ್ಟೆ. ಜೊತೆಗೆ ಒಂದು ಮಾತನ್ನೂ ಕೊಡುತ್ತೇನೆ, ಇಟ್ಟುಕೊಳ್ಳಿರಿ.

ನಟರು ಬಂದರೆ ಏನು ಲಾಭ ಎಂದು ನಾನು ಕೇಳುವುದಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಅಭಿಷೇಕ್ ಬಚ್ಚನ್ ಜೈಪುರ ತಂಡದ ಮಾಲೀಕರಾದರು. ಅವರನ್ನು ನೋಡಲು ಟಿವಿ ಹಚ್ಚಿದವರು ಕೊನೆಗೆ ರೈಡರ್‌ಗಳ ಹೆಸರು ಕಲಿತರು. ‘ಮಣ್ಣಾಗ ಆಡಿ ಏನ್ ಸಿಗ್ತದ?’ ಎಂದು ಬೈಯುತ್ತಿದ್ದ ಅಪ್ಪಂದಿರೂ ಪಕ್ಕಕ್ಕೆ ಕೂತು ನೋಡಿದರು. ಮನೆಯವರ ಒಪ್ಪಿಗೆ ಸಿಗುವುದು ಸಣ್ಣ ಲಾಭವೇನಲ್ಲ, ಅದರಲ್ಲೂ ಹುಡುಗಿಯರಿಗೆ.

ಖೋ ಖೋ ಆಟಕ್ಕೂ ಆ ಗಳಿಗೆ ಬಂತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆಯಿತು. ಸಲ್ಮಾನ್ ಖಾನ್ ಅದರ ರಾಯಭಾರಿ. ಎರಡೂ ಫೈನಲ್‌ಗಳಲ್ಲಿ ಭಾರತ ನೇಪಾಳವನ್ನು ಸೋಲಿಸಿತು: ಮಹಿಳೆಯರು 78–40, ಪುರುಷರು 54–36. ಗೆದ್ದವರಲ್ಲಿ ನಮ್ಮ ರಾಜ್ಯದವರು ಇಬ್ಬರು, ಎಂ.ಕೆ. ಗೌತಮ್ ಮತ್ತು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಇವರಿಗೆ ಇಲ್ಲಿ ಘೋಷಣೆಯಾದ ಬಹುಮಾನ ತಲಾ 5 ಲಕ್ಷ ರೂಪಾಯಿ. ಮಹಾರಾಷ್ಟ್ರ ತನ್ನವರಿಗೆ ಘೋಷಿಸಿದ್ದು ತಲಾ 2.25 ಕೋಟಿ. ಇಬ್ಬರೂ ಆ 5 ಲಕ್ಷ ಬೇಡವೆಂದರು. ನಟರ ಹೆಸರು ಜನರನ್ನು ತಂದಿತು, ನ್ಯಾಯವನ್ನು ಮಾತ್ರ ಆಟಗಾರರೇ ಬಾಯಿಬಿಟ್ಟು ಕೇಳಬೇಕಾಯಿತು.

ಖೋ ಕೊಡುವುದನ್ನು ನಿಮಗೆ ನಾನು ಕಲಿಸಬೇಕಿಲ್ಲ. ಬೆನ್ನು ಮುಟ್ಟಿ ‘ಖೋ’ ಎಂದವನು ಆ ಜಾಗದಲ್ಲೇ ಕೂರುತ್ತಾನೆ. ಎದ್ದವನೇ ಓಡಬೇಕು. ಪಂದ್ಯಕ್ಕೆ ಬರುವ ನಟರ ಕೆಲಸವೂ ಬೆನ್ನು ಮುಟ್ಟುವುದಷ್ಟೇ, ಓಡಬೇಕಾದವರು ನೀವು.

ಆದ್ದರಿಂದ ಪಟ್ಟಿಯ ಹಣವನ್ನು ಎರಡು ಪಾಲು ಮಾಡಿರಿ. ಒಂದು ಪಾಲು ನಟರ ದಾರಿಖರ್ಚಿಗೆ. ಇನ್ನೊಂದು ಅಂಗಳಕ್ಕೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಕಾಲು ಹಿಡಿಯುತ್ತದೆ. ಮೇಲೆ ಗರಸು ಹಾಕಿಸಿರಿ, ಎರಡು ಗಟ್ಟಿ ಕಂಬ ನಿಲ್ಲಿಸಿರಿ, ಹುಡುಗಿಯರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಮಾಡಿರಿ. ನಟರು ಬಂದ ದಿನ ಫೋಟೊಗೆ ನುಗ್ಗಬೇಡಿರಿ. ಅವರ ಪಕ್ಕ ಕೂತ ಜನಪ್ರತಿನಿಧಿಗಳ ಕೈಗೆ, ಸೇರಿದ ಜನರ ಎದುರಿಗೇ, ಒಂದು ಅರ್ಜಿ ಕೊಡಿರಿ: ನಮ್ಮ ತಾಲ್ಲೂಕಿಗೆ ಒಬ್ಬ ಖೋ ಖೋ ತರಬೇತುದಾರ ಬೇಕು.

ನಟರು ಅಂದೇ ಹೊರಟುಹೋಗುತ್ತಾರೆ. ಮರುದಿನ ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಎಷ್ಟು ಹೊಸ ಮಕ್ಕಳು ಬಂದರು, ನನಗೆ ಬಂದು ಹೇಳಿರಿ. ಪಟ್ಟಿಯ ಲೆಕ್ಕ ನಾನು ಕೇಳುವುದು ಅದರಲ್ಲೇ.