ಗುಂಪುಗೂಡಿಸಿದ ಅಂಕಿಗಳ ಸರಾಸರಿಯೂ ಹರಹೂ

ಸಾವಿರಾರು ಅಳತೆಗಳನ್ನು ಒಂದೇ ನೋಟದಲ್ಲಿ ಗ್ರಹಿಸುವುದು ಯಾರಿಗೂ ಸಾಧ್ಯವಲ್ಲ. ಆದುದರಿಂದ ಅವನ್ನು ಗುಂಪುಗೂಡಿಸಿ, ಚಿತ್ರದಲ್ಲಿ ತೋರಿಸಿ, ಕಡೆಗೆ ಒಂದೆರಡು ಸಂಖ್ಯೆಗಳಲ್ಲಿ ಸಂಗ್ರಹಿಸುವುದು ಸಂಖ್ಯಾಶಾಸ್ತ್ರದ ಮೊದಲ ಕೆಲಸ. ಇದನ್ನು ನಿಜವಾದೊಂದು ಉದಾಹರಣೆಯಿಂದ ನೋಡೋಣ.

ಬೆಲ್ಜಿಯಮ್ ದೇಶದ ವಿದ್ವಾಂಸರಾದ ಅಡಾಲ್ಫ್ ಕೆಟಲೆಯವರು 1846ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಕಾಟ್ಲೆಂಡಿನ ಸೈನಿಕರ ಎದೆಯ ಸುತ್ತಳತೆಗಳನ್ನು ಚರ್ಚಿಸಿದ್ದಾರೆ. ಈಗ ಪ್ರಚಾರದಲ್ಲಿರುವ ಪಟ್ಟಿಯಲ್ಲಿ 5738 ಮಂದಿಯ ಅಳತೆಗಳಿವೆ. ಅತಿ ಕಿರಿದು 33 ಅಂಗುಲ. ಅತಿ ಹಿರಿದು 48. ಎರಡೆರಡು ಅಂಗುಲಗಳನ್ನು ಕೂಡಿಸಿದರೆ ಎಂಟು ಗುಂಪುಗಳಾಗುವುವು. ಗುಂಪಿನಲ್ಲಿರುವವರ ಸಂಖ್ಯೆಗೆ ಆವೃತ್ತಿಯೆಂದು ಹೆಸರು. ಹೆಜ್ಜೆ ಎಂದರೇನೆಂಬುದನ್ನು ಮುಂದೆ ಹೇಳುವೆವು.

ಗುಂಪು — ಆವೃತ್ತಿ — ಹೆಜ್ಜೆ
33–34 — 21 — −3
35–36 — 266 — −2
37–38 — 1169 — −1
39–40 — 2152 — 0
41–42 — 1592 — 1
43–44 — 462 — 2
45–46 — 71 — 3
47–48 — 5 — 4

ಅಡ್ಡಗೆರೆಯ ಮೇಲೆ ಅಂಗುಲಗಳನ್ನು ಗುರುತಿಸಿ, ಪ್ರತಿ ಗುಂಪಿನ ಮೇಲೂ ಒಂದೊಂದು ಆಯತವನ್ನು ನಿಲ್ಲಿಸಿದರೆ ದೊರೆಯುವ ಚಿತ್ರಕ್ಕೆ ಹಿಸ್ಟೋಗ್ರಾಮ್ ಎಂದು ಹೆಸರು. ಅಳತೆ ಎಡೆಬಿಡದೆ ಬೆಳೆಯತಕ್ಕದ್ದಾದುದರಿಂದ ಆಯತಗಳ ನಡುವೆ ತೆರಪು ಇರಕೂಡದು. ಆವೃತ್ತಿಯನ್ನು ಸೂಚಿಸುವುದು ಆಯತದ ವಿಸ್ತೀರ್ಣವೇ ಹೊರತು ಎತ್ತರವಲ್ಲ. ಕೊನೆಯ ಎರಡು ಗುಂಪುಗಳನ್ನು ಒಂದುಗೂಡಿಸಿದರೆ ಆವೃತ್ತಿ 76, ಅಗಲ ನಾಲ್ಕು ಅಂಗುಲ. ಆಗ ಎತ್ತರ ಅಂಗುಲಕ್ಕೆ 19 ಮಾತ್ರ. ಇದನ್ನು ಮರೆತು 76ರಷ್ಟು ಎತ್ತರಕ್ಕೆ ಬರೆದರೆ ಚಿತ್ರವೇ ಸುಳ್ಳಾಡುವುದು.

ಇನ್ನು ಸರಾಸರಿ. ಒಂದು ಗುಂಪಿನವರೆಲ್ಲರೂ ಅದರ ನಡುವಿನ ಬೆಲೆಯಲ್ಲೇ ಇರುವರೆಂದು ಭಾವಿಸುವೆವು. 39–40ರ ನಡು 39.5, ಅದನ್ನೇ ತಾತ್ಕಾಲಿಕ ಸರಾಸರಿಯಾಗಿ ಹಿಡಿದು, ಅಲ್ಲಿಂದ ಎರಡೆರಡು ಅಂಗುಲಗಳ ಹೆಜ್ಜೆಗಳನ್ನು ಎಣಿಸಿದ್ದೇವೆ. ಆವೃತ್ತಿಯನ್ನು ಹೆಜ್ಜೆಯಿಂದ ಗುಣಿಸಿ ಕೂಡಿದರೆ 2749 − 1764 = 985. ಇದನ್ನು 5738ರಿಂದ ಭಾಗಿಸಿದರೆ 0.1717 ಹೆಜ್ಜೆ, ಅಂದರೆ ಸುಮಾರು 0.34 ಅಂಗುಲ. ಆದುದರಿಂದ ಸರಾಸರಿ 39.84 ಅಂಗುಲ.

ಅಳತೆಗಳು ಸರಾಸರಿಯಿಂದ ಎಷ್ಟು ಹರಡಿವೆಯೆಂಬುದನ್ನು ತಿಳಿಯಲು ವಿಚಲನೆಗಳ ವರ್ಗಗಳ ಸರಾಸರಿಯನ್ನು ತೆಗೆಯುವರು, ಇದೇ ವೇರಿಯನ್ಸ್. ಆವೃತ್ತಿಯನ್ನು ಹೆಜ್ಜೆಯ ವರ್ಗದಿಂದ ಗುಣಿಸಿ ಕೂಡಿದರೆ 6581. 5738ರಿಂದ ಭಾಗಿಸಿದರೆ 1.1469. ಇದರಿಂದ 0.1717ರ ವರ್ಗವಾದ 0.0295ನ್ನು ಕಳೆದರೆ 1.1174. ಹೆಜ್ಜೆಗೆ ಎರಡು ಅಂಗುಲವಾದುದರಿಂದ ನಾಲ್ಕರಿಂದ ಗುಣಿಸಿದಾಗ ವೇರಿಯನ್ಸ್ 4.47; ಅದರ ವರ್ಗಮೂಲವಾದ ಮಾನಕ ವಿಚಲನೆ 2.11 ಅಂಗುಲ.

ಈ ಅಂದಾಜು ಎಷ್ಟರಮಟ್ಟಿಗೆ ನಂಬತಕ್ಕದ್ದು? ಅಂಗುಲಕ್ಕೊಂದರಂತೆ ಹದಿನಾರು ಗುಂಪುಗಳಿರುವ ಮೂಲಪಟ್ಟಿಯಿಂದ ಲೆಕ್ಕಮಾಡಿದರೆ ಸರಾಸರಿ 39.83, ವೇರಿಯನ್ಸ್ 4.20. ಸರಾಸರಿ ಹೆಚ್ಚುಕಡಿಮೆ ಕದಲಲಿಲ್ಲ. ವೇರಿಯನ್ಸ್ ಮಾತ್ರ ಗುಂಪು ಅಗಲವಾದಂತೆ ಉಬ್ಬಿತು. ಗುಂಪುಗಳು ಸಮನಾದ ಅಗಲವುಳ್ಳವಾಗಿ, ಚಿತ್ರದ ಎರಡು ತುದಿಗಳೂ ಮೆಲ್ಲಮೆಲ್ಲನೆ ಇಳಿದು ಹೋಗುವಾಗ, ಅಗಲದ ವರ್ಗದ ಹನ್ನೆರಡನೆಯ ಒಂದು ಪಾಲನ್ನು ಕಳೆಯಬೇಕೆಂದು ಗಣಿತಜ್ಞ ಶೆಪರ್ಡ್ ತೋರಿಸಿಕೊಟ್ಟರು. ಹಾಗೆ ಕಳೆದರೆ ನಮ್ಮ ಪಟ್ಟಿಯಿಂದ 4.14, ಮೂಲಪಟ್ಟಿಯಿಂದ 4.12, ಎರಡೂ ಬಹುಮಟ್ಟಿಗೆ ಒಂದಾಗುವುವು.

ಇಷ್ಟೆಲ್ಲ ಶ್ರಮವೇಕೆಂದು ಕೇಳಬಹುದು. ಸರಾಸರಿಯೊಂದನ್ನೇ ನಂಬಿ ಎಲ್ಲರಿಗೂ 40 ಅಂಗುಲದ ಅಂಗಿಯನ್ನೇ ಹೊಲಿಸಿದ್ದರೆ, ಆ ಅಳತೆಯವರು 1079 ಮಂದಿ ಮಾತ್ರ. ಐವರಲ್ಲಿ ಒಬ್ಬನಿಗೂ ಅದು ಸರಿಹೊಂದುತ್ತಿರಲಿಲ್ಲ. ಹರಹನ್ನೂ ಗಮನಿಸಿ 38ರಿಂದ 41ರವರೆಗೆ ನಾಲ್ಕು ಅಳತೆಗಳಲ್ಲಿ ಹೊಲಿಸಿದರೆ 3835 ಮಂದಿಗೆ, ಅಂದರೆ ಮೂರರಲ್ಲಿ ಎರಡು ಪಾಲು ಜನರಿಗೆ, ಒಪ್ಪುವುದು. ತಂದೆತಾಯಿಗಳೂ ಇದನ್ನು ಮನಸ್ಸಿನಲ್ಲಿಡಬೇಕು. ತರಗತಿಯ ಸರಾಸರಿ ಅಂಕ 50 ಎಂದಾಗ ಎಲ್ಲ ಮಕ್ಕಳೂ 50ರ ಆಸುಪಾಸಿನಲ್ಲಿರಬಹುದು. ಅರ್ಧ ಮಂದಿ 80 ಪಡೆದು ಉಳಿದರ್ಧ 20ರಲ್ಲಿ ಹಿಂದುಳಿದಿರಲೂಬಹುದು. ಮೊದಲನೆಯದಕ್ಕೆ ಬೇಕಾದ ಪಾಠವೇ ಬೇರೆ, ಎರಡನೆಯದಕ್ಕೆ ಬೇಕಾದ ನೆರವೇ ಬೇರೆ. ಸರಾಸರಿ ಮರೆಮಾಡಿದ ಮಗುವನ್ನು ಹಿಸ್ಟೋಗ್ರಾಮ್ ತೋರಿಸಿಕೊಡುವುದು.

ಅಭ್ಯಾಸ: ನಿಮ್ಮ ತರಗತಿಯವರ ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಅಳೆದು, ಐದೈದರ ಗುಂಪುಗಳಲ್ಲಿಯೂ ಹತ್ತುಹತ್ತರ ಗುಂಪುಗಳಲ್ಲಿಯೂ ಸರಾಸರಿ ಮತ್ತು ವೇರಿಯನ್ಸ್‌ಗಳನ್ನು ಕಂಡುಹಿಡಿದು ಹೋಲಿಸಿರಿ.